ಬೈತಲೆಯ ಕೆಳಗಿನ ಊರು

ನಮಸ್ಕಾರ.

ಇವತ್ತು ಮೆದುಳಿನ ಮೈಮೇಲೆ ಒಂದು ಸುತ್ತು ಹೋಗಿ ಬರೋಣ. ಕ್ಲಾಸಿನಲ್ಲಾಗಿದ್ದರೆ ಮೇಜಿನ ಮೇಲೆ ಟ್ರೇ ಇಟ್ಟು, ಕಣ್ಣು ಉರಿಸುವ ಫಾರ್ಮಲಿನ್ ವಾಸನೆಯ ನಡುವೆ, ನಿಜವಾದ ಮೆದುಳನ್ನೇ ತೋರಿಸುತ್ತಿದ್ದೆ. ಮೆಡಿಕಲ್ ಕಾಲೇಜಿನಲ್ಲಿ 30 ವರ್ಷ ಅದೇ ಪಾಠ ಮಾಡಿದವಳು ನಾನು. ರೇಡಿಯೊದಲ್ಲಿ ಅದಕ್ಕೆ ದಾರಿಯಿಲ್ಲ. ಆದರೆ ನಿಮ್ಮ ಹತ್ತಿರ ನಿಮ್ಮದೇ ಒಂದು ತಲೆ ಇದೆ. ಅಷ್ಟು ಸಾಕು.

ಹೂ ಕಟ್ಟುವ ದಾರ ಇದ್ದರೆ ಒಂದು ಮೊಳ ತೆಗೆದುಕೊಳ್ಳಿ. ಹುಬ್ಬುಗಳ ನಡುವೆ, ಮೂಗು ಶುರುವಾಗುವ ಕಡೆ ಒಂದು ತಗ್ಗು ಇದೆಯಲ್ಲ, ಅಲ್ಲಿ ದಾರದ ಒಂದು ತುದಿ ಹಿಡಿಯಿರಿ. ಬೈತಲೆ ತೆಗೆದ ಹಾಗೆ ನೆತ್ತಿಯ ಮೇಲೆ ನೇರವಾಗಿ ಹಿಂದಕ್ಕೆ ಹಾಯಿಸಿ. ತಲೆಯ ಹಿಂದುಗಡೆ, ಕುತ್ತಿಗೆಗಿಂತ ಸ್ವಲ್ಪ ಮೇಲೆ, ಒಂದು ಗಟ್ಟಿ ಉಬ್ಬು ಕೈಗೆ ಸಿಗುತ್ತದೆ. ದಾರ ಅಲ್ಲಿಗೆ ನಿಲ್ಲಲಿ. ಈಗ ಅದರ ಸರಿಯಾದ ನಡು ಎಲ್ಲಿ ಅಂತ ಗುರುತಿಸಿ, ಅಲ್ಲಿಂದ ಒಂದು ಸೆಂಟಿಮೀಟರಿನಷ್ಟು ಹಿಂದಕ್ಕೆ ಬೆರಳು ಸರಿಸಿ.

ನಿಮ್ಮ ಬೆರಳ ಕೆಳಗೆ, ಮೂಳೆಯಾಚೆ, ಮೆದುಳಿನ ಬಹಳ ಮುಖ್ಯವಾದ ಒಂದು ಸೀಳು ಶುರುವಾಗುತ್ತದೆ. ಸೆಂಟ್ರಲ್ ಸಲ್ಕಸ್ ಅಂತ ಅದರ ಹೆಸರು. ನಡುಸೀಳು ಅನ್ನೋಣ. ಸ್ಕ್ಯಾನ್ ಯಂತ್ರಗಳು ಬರುವ ಮೊದಲು ಶಸ್ತ್ರಚಿಕಿತ್ಸಕರು ಹೀಗೇ ಟೇಪು ಹಿಡಿದು ಅಳತೆ ಮಾಡಿ, ಎಲ್ಲಿ ಮೂಳೆ ಕೊರೆಯಬೇಕು ಅಂತ ತೀರ್ಮಾನಿಸುತ್ತಿದ್ದರು.

ಬೆರಳು ಅಲ್ಲೇ ಇರಲಿ. ಒಂದು ಮನೆಯ ವಿಷಯ ಹೇಳುತ್ತೇನೆ.

1984. ನಾನು ಎಂಬಿಬಿಎಸ್ ಮೊದಲ ವರ್ಷದಲ್ಲಿದ್ದೆ. ನಮ್ಮ ದೊಡ್ಡಪ್ಪನದು ದಿನಸಿ ಅಂಗಡಿ. ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗ ಬೀಗದ ಕೈ ಕೈಯಿಂದ ಜಾರಿತು. ಬಗ್ಗಿ ಎತ್ತಿಕೊಳ್ಳಲು ಹೋದರೆ ಬಲಗೈ ಮೇಲೆ ಏಳಲಿಲ್ಲ. ಬಾಯಿ ಒಂದು ಕಡೆಗೆ ವಾಲಿತ್ತು. ಮಾತು ನಿಂತುಹೋಗಿತ್ತು. ಊರಿನವರು ಲಕ್ವ ಹೊಡೆದಿದೆ ಅಂದರು. ಯಾವುದೋ ಹಳ್ಳಿಯಲ್ಲಿ ಲಕ್ವಕ್ಕೆ ಔಷಧಿ ಕೊಡುತ್ತಾರೆ ಅಂತ ಮೊದಲು ಅಲ್ಲಿಗೆ ಕರೆದುಕೊಂಡು ಹೋದರು. ಆಸ್ಪತ್ರೆ ಸೇರುವಾಗ ಮಾರನೇ ದಿನ ಮಧ್ಯಾಹ್ನ.

ಮೂರು ತಿಂಗಳಾದ ಮೇಲೆ ದೊಡ್ಡಪ್ಪ ಕೋಲು ಹಿಡಿದು ನಡೆಯುವ ಹಾಗಾದರು. ಕೈ ಮಾತ್ರ ಹಿಂದಿನಂತೆ ಆಗಲೇ ಇಲ್ಲ. ಮಾತೂ ಬರಲಿಲ್ಲ. ನಾವು ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತಿತ್ತು. ನೀರು ಅನ್ನುವ ಎರಡಕ್ಷರ ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ವಿಚಿತ್ರ ಅಂದರೆ, ಸಿಟ್ಟು ಬಂದಾಗ ಬೈಗುಳ ಸ್ಪಷ್ಟವಾಗಿ ಬರುತ್ತಿತ್ತು. ಆ ಬೈಗುಳವನ್ನು ರೇಡಿಯೊದಲ್ಲಿ ಹೇಳುವ ಹಾಗಿಲ್ಲ. ಸಂಜೆ ಯಾರಾದರೂ ದೇವರನಾಮ ಶುರು ಮಾಡಿದರೆ ಪದ ಬಿಡದೆ ಜೊತೆಗೆ ಹಾಡುತ್ತಿದ್ದರು ಕೂಡ.

ದೊಡ್ಡಮ್ಮ ನನ್ನನ್ನು ಕೇಳಿದರು: "ಡಾಕ್ಟ್ರು ಓದ್ತಾ ಇದ್ದೀಯಲ್ಲ, ಹೇಳೇ. ಕೈಗೂ ಮಾತಿಗೂ ಏನು ಸಂಬಂಧ? ಕಾಲು ಬಂತು, ಕೈ ಯಾಕೆ ಬರಲಿಲ್ಲ? ಹಾಡೋಕೆ ಬರುತ್ತೆ, ಮಾತಾಡೋಕೆ ಯಾಕೆ ಬರಲ್ಲ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಪರೀಕ್ಷೆಗೆ ಬೇಕಾದ ಹೆಸರುಗಳೆಲ್ಲ ಬಾಯಿಪಾಠ ಆಗಿದ್ದವು, ಅಷ್ಟೆ.

ಉತ್ತರ ಇರುವುದು ಮೆದುಳಿನ ಭೂಗೋಳದಲ್ಲಿ. ಯಾರ ಪಕ್ಕದ ಮನೆ ಯಾರದು, ಯಾವ ಬೀದಿಗೆ ಯಾವ ಪೈಪಿನಿಂದ ನೀರು ಅನ್ನುವುದರಲ್ಲಿ.

ದೊಡ್ಡವರ ಮೆದುಳು ಸುಮಾರು 1,300ರಿಂದ 1,400 ಗ್ರಾಂ ತೂಗುತ್ತದೆ. ಮೈತೂಕದ ನೂರರಲ್ಲಿ ಎರಡು ಪಾಲು. ಆದರೆ ಸುಮ್ಮನೆ ಕೂತಿರುವಾಗಲೂ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಐದನೇ ಒಂದು ಪಾಲು ಇದಕ್ಕೇ ಬೇಕು. ಹಸಿ ಮೆದುಳು ಗಟ್ಟಿ ಇರುವುದಿಲ್ಲ. ಗಿಣ್ಣು ತಿಂದವರಿಗೆ ಅದರ ಹದ ತಕ್ಷಣ ಗೊತ್ತಾಗುತ್ತದೆ. ಈ ಹೋಲಿಕೆ ಕೇಳಿದ ಮೇಲೆ ಗಿಣ್ಣು ಬಿಟ್ಟ ವಿದ್ಯಾರ್ಥಿಗಳೂ ಇದ್ದಾರೆ, ಕ್ಷಮಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೆದುಳುಗಳದ್ದೇ ಒಂದು ಸಂಗ್ರಹಾಲಯ ಇದೆ. ಅಲ್ಲಿ ಜನಸಾಮಾನ್ಯರ ಕೈಗೂ ಗ್ಲೌಸ್ ಹಾಕಿಸಿ ನಿಜವಾದ ಮೆದುಳು ಕೊಡುತ್ತಾರೆ. ಹಿಡಿದವರ ಮೊದಲ ಮಾತು ಸಾಮಾನ್ಯವಾಗಿ "ಅಯ್ಯೋ, ಇಷ್ಟೇನಾ?"

ಅದರ ಮೇಲ್ಮೈ ಅಕ್ರೋಟಿನ ಹಾಗೆ ಸುಕ್ಕುಸುಕ್ಕು. ಹೊರಪದರದ ದಪ್ಪ ಬರೀ 2ರಿಂದ 4 ಮಿಲಿಮೀಟರ್. ಸುಕ್ಕು ಬಿಡಿಸಿ ಹರಡಿದರೆ ದಿನಪತ್ರಿಕೆಯ ಒಂದು ದೊಡ್ಡ ಪುಟದಷ್ಟು ಆಗುತ್ತದೆ. ಆ ಪುಟವನ್ನು ತೆಂಗಿನ ಚಿಪ್ಪಿನೊಳಗೆ ಇಡಬೇಕು ಅಂದರೆ ಏನು ಮಾಡುತ್ತೀರಿ? ಮುದುಡಿ ತುರುಕುತ್ತೀರಿ. ಮೆದುಳಿನಲ್ಲೂ ಆಗಿರುವುದು ಅದೇ. ಮೂರರಲ್ಲಿ ಎರಡು ಪಾಲು ಮೇಲ್ಮೈ ಸೀಳುಗಳ ಒಳಗೇ ಅಡಗಿದೆ. ತಗ್ಗಿಗೆ ಸಲ್ಕಸ್, ದಿಣ್ಣೆಗೆ ಜೈರಸ್ ಅನ್ನುತ್ತಾರೆ.

ಬೈತಲೆಯ ಕೆಳಗೆ ಇರುವ ಆಳವಾದ ಕಂದಕ ಮೆದುಳನ್ನು ಎಡ ಬಲ ಅಂತ ಎರಡು ಹೋಳು ಮಾಡುತ್ತದೆ. ನಿಮ್ಮ ಬೆರಳ ಕೆಳಗಿನ ನಡುಸೀಳು ಅಲ್ಲಿಂದ ಎರಡೂ ಕಡೆ ಇಳಿಯುತ್ತದೆ. ಹುಡುಗಿಯರು ಹೇರ್‌ಬ್ಯಾಂಡ್ ಹಾಕುವುದಿಲ್ಲವೇ, ಸುಮಾರು ಹಾಗೆ. ಸ್ವಲ್ಪ ಮುಂದಕ್ಕೆ ಓರೆಯಾಗಿ ಇಳಿದು, ಕಿವಿ ಮುಟ್ಟುವ ಮೊದಲೇ ನಿಂತುಬಿಡುತ್ತದೆ. ಇನ್ನೊಂದು ದೊಡ್ಡ ಸೀಳು ಕಣತಲೆಯ ಹತ್ತಿರ ಹೊರಟು, ಕಿವಿಯ ಮೇಲೆ ಹಾದು ಹಿಂದಕ್ಕೆ ಹೋಗುತ್ತದೆ. 17ನೇ ಶತಮಾನದ ವೈದ್ಯ ಸಿಲ್ವಿಯಸ್ ಹೆಸರಿನಲ್ಲಿ ಅದನ್ನು ಸಿಲ್ವಿಯನ್ ಸೀಳು ಅಂತ ಕರೆಯುತ್ತಾರೆ.

ಈ ಎರಡು ಗೆರೆ ಸಿಕ್ಕರೆ ಹಾಲೆಗಳ, ಅಂದರೆ ಮೆದುಳಿನ ದೊಡ್ಡ ದೊಡ್ಡ ಭಾಗಗಳ, ಗಡಿ ಹೆಚ್ಚುಕಡಿಮೆ ಸಿಕ್ಕ ಹಾಗೆ. ನಡುಸೀಳಿನ ಮುಂದೆ ಹಣೆಯ ಹಾಲೆ. ಅದರ ಹಿಂದೆ ನೆತ್ತಿಯ ಹಾಲೆ. ಸಿಲ್ವಿಯನ್ ಸೀಳಿನ ಕೆಳಗೆ ಕಣತಲೆಯ ಹಾಲೆ. ಎಲ್ಲಕ್ಕಿಂತ ಹಿಂದೆ, ದಾರದ ಕೊನೆಯ ತುದಿ ಇದ್ದ ಜಾಗದಲ್ಲಿ, ಹಿಂದಲೆಯ ಹಾಲೆ. ಸ್ಕ್ಯಾನ್ ರಿಪೋರ್ಟಿನಲ್ಲಿ ಫ್ರಾಂಟಲ್, ಪರೈಟಲ್, ಟೆಂಪೊರಲ್, ಆಕ್ಸಿಪಿಟಲ್ ಅಂತ ಬರೆದಿರುತ್ತಾರಲ್ಲ, ಇವೇ ಅವು. ಸಿಲ್ವಿಯನ್ ಸೀಳನ್ನು ಬೆರಳಿನಿಂದ ಅಗಲಿಸಿದರೆ ಒಳಗೆ ಇನ್ನೊಂದು ತುಂಡು ಕಾಣುತ್ತದೆ. ಹೊರಗಿನಿಂದ ಅದರ ಸುಳಿವೇ ಇರುವುದಿಲ್ಲ. ಅದಕ್ಕೆ ಇನ್ಸುಲಾ, ಅಂದರೆ ದ್ವೀಪ ಅಂತ ಹೆಸರು.

ಹಿಂದೆ, ಕೆಳಗೆ, ಜಡೆಗಂಟಿನ ಹಾಗೆ ಕೂತಿರುವುದು ಕಿರುಮೆದುಳು. ಮೈ ವಾಲದ ಹಾಗೆ, ಕೈ ಗುರಿ ತಪ್ಪದ ಹಾಗೆ ನೋಡಿಕೊಳ್ಳುವುದು ಅದರ ದೊಡ್ಡ ಕೆಲಸ. ಹೆಸರು ಕಿರಿದು, ಆದರೆ ಜನಸಂಖ್ಯೆ ಅಲ್ಲೇ ಜಾಸ್ತಿ. 2009ರಲ್ಲಿ ಬ್ರೆಜಿಲ್‌ನ ವಿಜ್ಞಾನಿಗಳು ಎಣಿಸಿದಾಗ ಇಡೀ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶ ಸಿಕ್ಕವು. ಅದರಲ್ಲಿ 6,900 ಕೋಟಿ ಇದ್ದದ್ದು ಕಿರುಮೆದುಳಿನಲ್ಲಿ.

ಈಗ ನಡುಸೀಳಿಗೆ ವಾಪಸ್ ಬರೋಣ. ಅದರ ಮುಂದಿನ ದಿಣ್ಣೆ ಮೈಯನ್ನು ಆಡಿಸುವ ಪಟ್ಟಿ. ಹಿಂದಿನ ದಿಣ್ಣೆ ಮುಟ್ಟಿದ್ದು ತಿಳಿಯುವ ಪಟ್ಟಿ. 1870ರಲ್ಲಿ ಬರ್ಲಿನ್‌ನಲ್ಲಿ ಫ್ರಿಟ್ಷ್ ಮತ್ತು ಹಿಟ್ಜಿಗ್ ಅನ್ನುವ ಇಬ್ಬರು ನಾಯಿಯ ಮೆದುಳಿಗೆ ಸಣ್ಣಗೆ ವಿದ್ಯುತ್ ಹಾಯಿಸಿ, ಯಾವ ಜಾಗ ಮುಟ್ಟಿದರೆ ಯಾವ ಕಾಲು ಅಲುಗುತ್ತದೆ ಅಂತ ತೋರಿಸಿದರು. ಮನುಷ್ಯರಲ್ಲಿ ಆ ನಕ್ಷೆಯನ್ನು ಪೂರ್ತಿಯಾಗಿ ಬಿಡಿಸಿದವರು ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ ವೈಲ್ಡರ್ ಪೆನ್‌ಫೀಲ್ಡ್. ಅವರು ಮೂರ್ಛೆ ರೋಗಿಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ರೋಗಿ ಎಚ್ಚರವಾಗಿರುವಾಗಲೇ! ಗಾಬರಿ ಬೇಡ. ನೋವಾಗುವುದು ಚರ್ಮಕ್ಕೆ, ಮೆದುಳಿನ ಹೊದಿಕೆಗೆ. ಅಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ. ಊರಿಗೆಲ್ಲ ನೋವಿನ ಸುದ್ದಿ ಹೇಳುವ ಮೆದುಳಿಗೆ ತನ್ನ ಮೈ ಮುಟ್ಟಿದರೆ ನೋವು ತಿಳಿಯುವುದಿಲ್ಲ. ಪೆನ್‌ಫೀಲ್ಡ್ ಒಂದೊಂದೇ ಜಾಗ ಮುಟ್ಟುತ್ತಾ ಹೋದರು. ಬೆರಳು ಅಲುಗಿತು, ತುಟಿ ಅದುರಿತು, ಕಾಲಲ್ಲಿ ಜುಮ್ಮೆಂದಿತು. ಎಲ್ಲವನ್ನೂ ಬರೆದಿಟ್ಟು 1937ರಲ್ಲಿ ಪ್ರಕಟಿಸಿದರು.

ಆ ನಕ್ಷೆಯಲ್ಲಿ ಮನುಷ್ಯ ತಲೆಕೆಳಗಾಗಿ ನೇತಾಡುತ್ತಾನೆ. ಕಾಲು ಇರುವುದು ಬೈತಲೆಯ ಕಂದಕದ ಒಳಗೋಡೆಯಲ್ಲಿ. ನೆತ್ತಿಯ ಹತ್ತಿರ ಸೊಂಟ, ಬೆನ್ನು. ಕೆಳಗೆ ಇಳಿದ ಹಾಗೆ ತೋಳು, ಅಂಗೈ, ಬೆರಳು. ಇನ್ನೂ ಕೆಳಗೆ ಮುಖ, ತುಟಿ, ನಾಲಿಗೆ. ಅಳತೆಯೂ ವಿಚಿತ್ರ. ಇಡೀ ಬೆನ್ನಿಗೆ ಒಂದು ಚೂರು ಜಾಗ. ಹೆಬ್ಬೆರಳಿಗೆ, ತುಟಿಗೆ, ನಾಲಿಗೆಗೆ ಎಕರೆಗಟ್ಟಲೆ. ಕೆಲಸ ಎಷ್ಟು ನಾಜೂಕು ಅನ್ನುವುದರ ಮೇಲೆ ಇಲ್ಲಿ ಜಮೀನು ಹಂಚಿಕೆ. ಹಂಚಿಕೆ ಬದಲಾಗುವುದೂ ಉಂಟು. ಪಿಟೀಲಿನಂತಹ ತಂತಿವಾದ್ಯ ನುಡಿಸುವವರಲ್ಲಿ ಎಡಗೈ ಬೆರಳುಗಳ ಜಾಗ ಹಿಗ್ಗಿರುತ್ತದೆ ಅಂತ 1995ರಲ್ಲಿ ಜರ್ಮನಿಯ ಸಂಶೋಧಕರು ತೋರಿಸಿದರು. ಚಿಕ್ಕಂದಿನಲ್ಲೇ ಕಲಿತವರಲ್ಲಿ ಇನ್ನೂ ಜಾಸ್ತಿ.

ಈ ನಕ್ಷೆಯಲ್ಲಿ ಕೈಯ ಪಕ್ಕದ ಮನೆ ಮುಖದ್ದು ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಮದ್ರಾಸಿನಲ್ಲಿ ವೈದ್ಯಕೀಯ ಓದಿ ಅಮೆರಿಕದಲ್ಲಿ ಹೆಸರು ಮಾಡಿದ ವಿ. ಎಸ್. ರಾಮಚಂದ್ರನ್, ಕೈ ಕಳೆದುಕೊಂಡ ಒಬ್ಬ ಯುವಕನ ಕೆನ್ನೆಯನ್ನು ಹತ್ತಿಕಡ್ಡಿಯಿಂದ ಸವರಿದರು. ಅವನಿಗೆ ಕೆನ್ನೆಯ ಜೊತೆಗೆ, ಇಲ್ಲದ ಕೈಯ ಹೆಬ್ಬೆರಳನ್ನೂ ಮುಟ್ಟಿದ ಹಾಗಾಯಿತು. ಕೈಯಿಂದ ಸುದ್ದಿ ಬರುವುದು ನಿಂತಾಗ, ಖಾಲಿ ಬಿದ್ದ ಜಾಗಕ್ಕೆ ಪಕ್ಕದ ಮುಖದ ಸುದ್ದಿ ನುಗ್ಗಿತ್ತು ಅಂತ ಅವರು ವಿವರಿಸಿದರು. ಖಾಲಿ ಸೈಟು ಕಂಡರೆ ಪಕ್ಕದವರು ಬೇಲಿ ಸರಿಸುವುದಿಲ್ಲವೇ, ಹಾಗೆ.

ಮೈಯ ಬಲಭಾಗವನ್ನು ಆಡಿಸುವುದು ಎಡಮೆದುಳು. ಮೆದುಳಿನಿಂದ ಮೈಗೆ ಇಳಿಯುವ ನರದ ತಂತಿಗಳಲ್ಲಿ ಹೆಚ್ಚಿನವು ಕುತ್ತಿಗೆಗೆ ಸ್ವಲ್ಪ ಮೇಲೆ, ಮೆದುಳಿನ ಬುಡದಲ್ಲಿ, ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ದಾಟುತ್ತವೆ. ಹಾಗಾಗಿ ದೊಡ್ಡಪ್ಪನ ಬಲಗೈ ಬಿದ್ದುಹೋಗಿತ್ತು ಅಂದರೆ ಪೆಟ್ಟು ಎಡಕ್ಕೆ. ಇನ್ನು ಮಾತು?

ಎಡ ಕಣತಲೆಯ ಮೇಲೆ ಎರಡು ಬೆರಳು ಇಡಿ. ಹೆಚ್ಚುಕಡಿಮೆ ಅಲ್ಲೇ, ತುಟಿ ನಾಲಿಗೆಗಳ ಪಟ್ಟಿಗೆ ಅಂಟಿಕೊಂಡ ಹಾಗೆ, ಅದರ ಮುಂದುಗಡೆ ಇರುವುದು ಬ್ರೋಕಾ ಪ್ರದೇಶ. ಇದು ಗೊತ್ತಾದದ್ದು 1861ರಲ್ಲಿ. ಪ್ಯಾರಿಸ್ ಪಕ್ಕದ ಬಿಸೆತ್ರ್ ಆಸ್ಪತ್ರೆಯಲ್ಲಿ ಲೆಬೋರ್ನ್ಯ ಅನ್ನುವ ಒಬ್ಬ ರೋಗಿ 21 ವರ್ಷದಿಂದ ಇದ್ದ. ಏನು ಕೇಳಿದರೂ "ತಾಂ, ತಾಂ" ಅನ್ನುತ್ತಿದ್ದ. ಅದೇ ಅವನ ಅಡ್ಡಹೆಸರೂ ಆಗಿತ್ತು. ಬೇರೆಯವರ ಮಾತು ಅವನಿಗೆ ಅರ್ಥವಾಗುತ್ತಿತ್ತು. ಕೊನೆಗೆ ಕಾಲು ಕೊಳೆತು, ಸಾಯುವ ಸ್ಥಿತಿಯಲ್ಲಿ ಶಸ್ತ್ರಚಿಕಿತ್ಸಕ ಪಾಲ್ ಬ್ರೋಕಾ ಹತ್ತಿರ ಬಂದ. ಏಪ್ರಿಲ್ 17ರಂದು ಅವನು ತೀರಿಕೊಂಡ. ಬ್ರೋಕಾ ತಲೆ ತೆರೆದು ನೋಡಿದಾಗ ಎಡ ಹಣೆಯ ಹಾಲೆಯ ಕೆಳಭಾಗದಲ್ಲಿ ಗುಳಿ ಬಿದ್ದಿತ್ತು. ಅವರು ಆ ಮೆದುಳನ್ನು ಕತ್ತರಿಸದೆ ಇಡಿಯಾಗಿ ಉಳಿಸಿದರು. ಅದರಿಂದ ಒಂದು ಉಪಕಾರವಾಯಿತು. ಸುಮಾರು ಒಂದೂವರೆ ಶತಮಾನದ ನಂತರ ಅದನ್ನೇ ಎಂಆರ್‌ಐ ಮಾಡಿದರು. 2007ರಲ್ಲಿ ಬಂದ ಆ ವರದಿಯ ಪ್ರಕಾರ ಗಾಯ ಬ್ರೋಕಾ ಕಣ್ಣಿಗೆ ಕಂಡದ್ದಕ್ಕಿಂತ ತುಂಬಾ ಆಳಕ್ಕೆ ಹೋಗಿತ್ತು. ಅಂದರೆ ಮಾತು ಒಂದೇ ಮನೆಯ ಕೆಲಸ ಅಲ್ಲ. ಕೆಳಗೆ ಹಾಯುವ ತಂತಿಗಳೂ ಬೇಕು.

ನನಗೆ ಈ ರೋಗಿಯ ಬಗ್ಗೆ ಓದಿದಾಗ ಮೈ ಜುಮ್ ಅಂದದ್ದು ಬೇರೆ ಕಾರಣಕ್ಕೆ. ಸಿಟ್ಟು ಬಂದರೆ ಅವನ ಬಾಯಿಂದಲೂ ಒಂದು ಬೈಗುಳ ಮಾತ್ರ ನೆಟ್ಟಗೆ ಬರುತ್ತಿತ್ತಂತೆ. ಥೇಟ್ ನಮ್ಮ ದೊಡ್ಡಪ್ಪ.

ಬ್ರೋಕಾ ಪ್ರದೇಶಕ್ಕೆ ಪೆಟ್ಟಾದವರು ಮಾತಾಡಿದರೂ ಬಿಡಿಬಿಡಿ ಪದ. ಕನ್ನಡದಲ್ಲಿ ಪದದ ಬಾಲದಲ್ಲೇ ಅರ್ಧ ವ್ಯಾಕರಣ ಇರುತ್ತದೆ, ಅಲ್ವಾ? ಆ ಬಾಲಗಳೇ ಬಿದ್ದುಹೋಗುತ್ತವೆ ಅಥವಾ ತಪ್ಪುತ್ತವೆ. "ನಾಳೆ ಮಗ ಬಸ್ಸಿನಲ್ಲಿ ಬರುತ್ತಾನೆ" ಅನ್ನಲು ಹೋಗಿ "ಮಗ... ಬಸ್ಸು... ನಾಳೆ" ಅಂತ ಬೆವರುತ್ತಾರೆ. ಇದಕ್ಕೆ ಉಲ್ಟಾ ಇನ್ನೊಂದು ಇದೆ. 1874ರಲ್ಲಿ ಕಾರ್ಲ್ ವೆರ್ನಿಕೆ ಅನ್ನುವ 26 ವರ್ಷದ ಜರ್ಮನ್ ವೈದ್ಯ ಅದನ್ನು ವಿವರಿಸಿದ. ಎಡಕಿವಿಯ ಮೇಲೆ, ಸ್ವಲ್ಪ ಹಿಂದೆ, ಕಣತಲೆಯ ಹಾಲೆಯಲ್ಲಿ ಪೆಟ್ಟಾದರೆ ಮಾತು ನಿಲ್ಲುವುದಿಲ್ಲ, ಹರಿಯುತ್ತದೆ. ಅರ್ಥ ಮಾತ್ರ ಇರುವುದಿಲ್ಲ. ಊಟ ಆಯ್ತಾ ಅಂತ ಕೇಳಿದರೆ "ಹೌದು ನೋಡಿ, ಆ ಹಿಂದಿನದು ಮೇಲೆ ಬಂದು ತಿರುಗಿಸಿ ಕೊಟ್ಟಾಗಲೇ ಆಗಿತ್ತು" ಅನ್ನುವ ಹಾಗೆ. ರಾಗ ಸರಿ, ಏರಿಳಿತ ಸರಿ. ಮನೆಯವರು ತಲೆ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಕೆಟ್ಟಿರುವುದು ಪದ ಮತ್ತು ಅರ್ಥದ ನಡುವಿನ ಕೊಂಡಿ.

ಬಲಗೈ ಬಳಸುವ 100 ಜನರಲ್ಲಿ ಸುಮಾರು 95 ಮಂದಿಗೆ ಮಾತಿನ ಮನೆ ಎಡಮೆದುಳಿನಲ್ಲೇ. ಎಡಚರಲ್ಲೂ 70ರಷ್ಟು ಜನಕ್ಕೆ ಅಲ್ಲೇ. ಎಡಮೆದುಳಿನವರು ಲೆಕ್ಕದಲ್ಲಿ ಗಟ್ಟಿ, ಬಲಮೆದುಳಿನವರು ಕಲಾವಿದರು ಅನ್ನುವ ಮಾತು ಮಾತ್ರ ಬರೀ ಕಟ್ಟುಕತೆ, ನಂಬಬೇಡಿ.

ಹಿಂದಲೆಗೆ ಬನ್ನಿ. ನಾವು ನೋಡುವುದು ಕಣ್ಣಿನಿಂದ, ಕಾಣುವುದು ಹಿಂದಲೆಯಿಂದ. ಇದರ ನಕ್ಷೆ ಸಿಕ್ಕ ಕತೆ ನನಗೆ ಬಹಳ ಇಷ್ಟ. 1904–05ರಲ್ಲಿ ರಷ್ಯಾಕ್ಕೂ ಜಪಾನಿಗೂ ಯುದ್ಧ ನಡೆಯಿತು. ರಷ್ಯದವರ ಹೊಸ ಬಂದೂಕಿನ ಗುಂಡು ಸಣ್ಣದು, ವೇಗ ಜಾಸ್ತಿ. ತಲೆಯ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬಂದರೂ ಕೆಲವು ಸೈನಿಕರು ಬದುಕಿ ಉಳಿದರು. ಆದರೆ ನೋಟದಲ್ಲಿ ಅಲ್ಲಲ್ಲಿ ತೂತು. ಇವರಿಗೆ ಪಿಂಚಣಿ ಎಷ್ಟು ಕೊಡಬೇಕು? ಅದನ್ನು ಲೆಕ್ಕ ಹಾಕಲು ತಾತ್ಸುಜಿ ಇನೊಯೆ ಅನ್ನುವ ಕಣ್ಣಿನ ಡಾಕ್ಟರಿಗೆ ಹೇಳಿದರು. ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಗುಂಡು ಮೆದುಳಿನಲ್ಲಿ ಯಾವ ದಾರಿಯಲ್ಲಿ ಹೋಗಿರಬೇಕು ಅಂತ ಅಳೆಯಲು ಒಂದು ಸಾಧನ ಮಾಡಿಕೊಂಡು, ನೋಟದ ಯಾವ ಭಾಗ ಹೋಗಿದೆ ಅನ್ನುವುದರ ಜೊತೆ ತಾಳೆ ನೋಡಿದರು. 29 ಸೈನಿಕರ ವಿವರ 1909ರಲ್ಲಿ ಪ್ರಕಟವಾಯಿತು. ನೋಟದ ನಟ್ಟನಡುವಿನ ಭಾಗ ಹಿಂದಲೆಯ ತುದಿಯಲ್ಲಿ, ಅಂಚಿನ ಭಾಗ ಒಳಗೆ, ಮುಂದಕ್ಕೆ. ನೀವು ಓದುವಾಗ ದುಡಿಯುವುದು ಆ ತುದಿ. ಪಿಂಚಣಿ ಕಡತದಿಂದ ಇಷ್ಟು ಒಳ್ಳೆಯ ವಿಜ್ಞಾನ ಹುಟ್ಟಿದ್ದು ಬೇರೆ ಎಲ್ಲೂ ನಾನು ಕಂಡಿಲ್ಲ.

ನೆತ್ತಿಯ ಹಾಲೆಗೆ, ಅದರಲ್ಲೂ ಬಲಗಡೆ ಪೆಟ್ಟಾದರೆ ಆಗುವುದು ಇನ್ನೂ ವಿಚಿತ್ರ. ಕಣ್ಣು ಕಾಣುತ್ತಿರುತ್ತದೆ, ಆದರೆ ಎಡಗಡೆಯ ಲೋಕವೇ ಗಮನದಿಂದ ಜಾರಿಹೋಗಿರುತ್ತದೆ. ಬಾಳೆಎಲೆಯಲ್ಲಿ ಬಡಿಸಿದರೆ ಬಲಗಡೆಯದ್ದೆಲ್ಲ ಖಾಲಿ. ಎಡತುದಿಯ ಉಪ್ಪು, ಉಪ್ಪಿನಕಾಯಿ ಇದ್ದ ಹಾಗೇ ಇರುತ್ತವೆ. ಉಪ್ಪು ಹಾಕೇ ಇಲ್ಲ ಅಂತ ಗೊಣಗುತ್ತಾರೆ. ಎಲೆ ತಿರುಗಿಸಿದರೆ ಉಪ್ಪು ಸಿಗುತ್ತದೆ!

ಹಣೆಯ ಹಾಲೆ ಅಂದಾಗ ಫಿನಿಯಸ್ ಗೇಜ್ ಕತೆ ಎಲ್ಲರೂ ಹೇಳುತ್ತಾರೆ. 1848ರಲ್ಲಿ, ಅಮೆರಿಕದ ವರ್ಮಾಂಟ್‌ನಲ್ಲಿ ರೈಲುದಾರಿಗೆ ಬಂಡೆ ಸಿಡಿಸುವಾಗ ಆರು ಕಿಲೋ ತೂಕದ ಕಬ್ಬಿಣದ ಸಲಾಕೆ ಅವನ ಎಡಕೆನ್ನೆಯಲ್ಲಿ ಹೊಕ್ಕು ನೆತ್ತಿಯಲ್ಲಿ ಹೊರಬಂತು. ಬದುಕಿದ. ಆದರೆ ಸಮಾಧಾನದ ಮನುಷ್ಯ ಒರಟನಾದ, ಒಂದು ಯೋಚನೆ ಹಿಡಿದು ನಿಲ್ಲದವನಾದ. ಪಾಠದಲ್ಲಿ ಇಷ್ಟಕ್ಕೇ ನಿಲ್ಲಿಸುತ್ತಾರೆ. ಅವನು ಆಮೇಲೆ ಚಿಲಿ ದೇಶಕ್ಕೆ ಹೋಗಿ, ಹಲವು ವರ್ಷ ಆರು ಕುದುರೆಯ ಗಾಡಿ ಓಡಿಸಿ ದುಡಿದ ಅನ್ನುವುದನ್ನು ಬಿಟ್ಟುಬಿಡುತ್ತಾರೆ. ಹಣೆಯ ಹಿಂದಿರುವ ಬರಹ ತಿದ್ದಲು ಆಗುವುದಿಲ್ಲ ಅಂತ ಏನೂ ಇಲ್ಲ.

ಈಗ ದೊಡ್ಡಮ್ಮನ ಪ್ರಶ್ನೆಗೆ ಬರೋಣ. ಎಡಮೆದುಳಿನ ಹೊರಮೈಯಲ್ಲಿ ಕೈ, ಮುಖ, ನಾಲಿಗೆ, ಬ್ರೋಕಾ ಪ್ರದೇಶ ಎಲ್ಲವೂ ಒಂದೇ ಓಣಿಯ ಮನೆಗಳು. ಅಷ್ಟಕ್ಕೂ ರಕ್ತ ಬರುವುದು ಒಂದೇ ನಾಳದಿಂದ. ಮಿಡಲ್ ಸೆರೆಬ್ರಲ್ ಆರ್ಟರಿ ಅಂತ ಅದರ ಹೆಸರು. ಸಿಲ್ವಿಯನ್ ಸೀಳಿನ ಒಳಗಿಂದ ಬಂದು ಕವಲೊಡೆಯುತ್ತದೆ. ಅದು ಕಟ್ಟಿದರೆ ಇಡೀ ಓಣಿಗೆ ನೀರು ನಿಂತ ಹಾಗೆ. ಕಾಲಿನ ಮನೆ ಎಲ್ಲಿತ್ತು? ಬೈತಲೆಯ ಕಂದಕದ ಒಳಗೋಡೆಯಲ್ಲಿ. ಅಲ್ಲಿಗೆ ಬೇರೆ ಪೈಪು. ಹಾಗಾಗಿ ದೊಡ್ಡಪ್ಪನ ಕಾಲು ಚೇತರಿಸಿಕೊಂಡಿತು, ಕೈಯೂ ಮಾತೂ ಒಟ್ಟಿಗೆ ಹೋದವು.

ಇಂಥ ಹೊತ್ತಿನಲ್ಲಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಅಂತ ಲೆಕ್ಕ ಹಾಕಿದ್ದಾರೆ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಈಗ ಇದೆ. ಅದನ್ನು ಕೊಡಬಹುದಾದದ್ದು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯ ಒಳಗೆ. ಮನೆಯಲ್ಲಿ ಯಾರಿಗಾದರೂ ಬಾಯಿ ವಾಲಿದರೆ, ಎರಡೂ ಕೈ ಎತ್ತಿ ಅಂದಾಗ ಒಂದು ಜಾರಿದರೆ, ಮಾತು ತೊದಲಿದರೆ, ಗಡಿಯಾರ ನೋಡಿಕೊಂಡು 108ಕ್ಕೆ ಫೋನ್ ಮಾಡಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ. ನಾಟಿ ಎಣ್ಣೆ, ಮಸಾಜು ಎಲ್ಲ ಆಮೇಲೆ ನೋಡೋಣ.

ಉಳಿದದ್ದು ಹಾಡು. ಹಾಡುವಾಗ ಬಲಮೆದುಳು ಹೆಚ್ಚು ಕೈ ಹಾಕುತ್ತದೆ. ಬೈಗುಳ, ಎಣಿಕೆ, ಬಾಯಿಪಾಠ, ಹೀಗೆ ಯೋಚಿಸದೆ ಬರುವ ಮಾತುಗಳಿಗೂ ಬೇರೆ ದಾರಿ ಇದೆ. ಮಾತನ್ನು ರಾಗಕ್ಕೆ ಕೂರಿಸಿ ಕಲಿಸುವ ಚಿಕಿತ್ಸೆಯನ್ನು 1970ರ ದಶಕದಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಶುರು ಮಾಡಿದರು. ನನಗೆ ಇದು ಗೊತ್ತಾದದ್ದು ಎಷ್ಟೋ ವರ್ಷ ಕಳೆದ ಮೇಲೆ.

ದೊಡ್ಡಮ್ಮನಿಗೆ ಅದು ಗೊತ್ತಾಗುವ ಸಂಭವವೇ ಇರಲಿಲ್ಲ. ಆದರೆ ಒಂದು ದಿನ ಅವರು ದೇವರನಾಮದ ಧಾಟಿಯಲ್ಲೇ "ಕಾ-ಫೀ ಬೇ-ಕೂ" ಅಂತ ಎಳೆದು, ದೊಡ್ಡಪ್ಪನ ಎಡಗೈ ಹಿಡಿದು ತೊಡೆಯ ಮೇಲೆ ತಾಳ ತಟ್ಟಿಸಿದರು. ಮೂರನೇ ಸಲಕ್ಕೆ ದೊಡ್ಡಪ್ಪ ದನಿಗೂಡಿಸಿದರು. ಆಮೇಲೆ ನೀರು ಬಂತು, ಸಾಕು ಬಂತು, ದೊಡ್ಡಮ್ಮನ ಹೆಸರೂ ಬಂತು. ಅವರು ಇರುವಷ್ಟು ದಿನ ಆ ಮನೆಯಲ್ಲಿ ಬೆಳಿಗ್ಗೆ ಆರಕ್ಕೆ ಕಾಫಿ ಕೇಳುತ್ತಿದ್ದದ್ದು ರಾಗದಲ್ಲೇ. ಪಕ್ಕದ ಮನೆಯವರು ಅದನ್ನು ಕೇಳಿ ಹಾಲಿಗೆ ಹೊರಡುತ್ತಿದ್ದರು.

ನಮಸ್ಕಾರ.